ಅಪ್ಪನ 407: ಬಾಡಿ ಕೆಲಸ, ಬಣ್ಣ ಎರಡನ್ನೂ ಮನೆಯಲ್ಲೇ ಮಾಡಬಹುದೇ?

ತೋಟದಮನೆ (ತೀರ್ಥಹಳ್ಳಿ ಕಡೆ), ನವೆಂಬರ್ 16

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1996ರ ಟಾಟಾ 407 ಸಣ್ಣ ಲಾರಿ ಒಂದಿದೆ. ಅಪ್ಪ ಕೊಂಡದ್ದು. ಅಡಿಕೆ, ಗೊಬ್ಬರ, ಮದುವೆ ಮನೆಯ ಪಾತ್ರೆ, ಮೇಳದ ಪೆಟ್ಟಿಗೆ ಎಲ್ಲವನ್ನೂ ಹೊತ್ತ ಗಾಡಿ. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದೇಳುತ್ತದೆ. ಮೈ ಮಾತ್ರ ಸೋತಿದೆ. ಚಾಲಕನ ಕಾಲ ಕೆಳಗಿನ ತಗಡಿನಲ್ಲಿ ರಸ್ತೆ ಕಾಣುತ್ತದೆ, ಎಡ ಬಾಗಿಲಿನ ತಳ ಹಪ್ಪಳದಂತೆ ಪುಡಿಯಾಗುತ್ತಿದೆ, ಹಿಂದಿನ ಮರದ ಬಾಡಿಯಲ್ಲಿ ನಾಲ್ಕು ಹಲಗೆ ಕುಂಬಾಗಿವೆ.

ಪೇಟೆಯ ಗ್ಯಾರೇಜಿನವರು ಒಂದೂಕಾಲು ಲಕ್ಷ ಎಂದರು. ಅಷ್ಟು ಕೊಟ್ಟರೂ ಪುಟ್ಟಿ ಮೆತ್ತಿ ಕೊಡುತ್ತಾರೆಂಬ ಅನುಮಾನ ನನಗೆ; ಆರು ವರ್ಷದ ಹಿಂದೆ ಬೇರೊಂದು ಕಡೆ ಹಾಗೆಯೇ ಆಗಿತ್ತು. ನನ್ನಲ್ಲಿ ನಾಲ್ಕು ಇಂಚಿನ ಗ್ರೈಂಡರ್ ಇದೆ, ಗೇಟು ಬೆಸೆಯಲು ತಂದ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಇದೆ, ಮನೆ ಕಟ್ಟುವಾಗ ಉಳಿದ ಜಿಂಕ್ ಶೀಟ್ ಇದೆ. ಫೆಬ್ರವರಿಯಲ್ಲಿ ಫಿಟ್‌ನೆಸ್ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಆಗುವ ಕೆಲಸವೇ? ಬಣ್ಣ ಮಿಲಿಟರಿ ಹಸಿರು ಹೊಡೆಯಬೇಕೆಂದಿದ್ದೇನೆ. ಕೆಸರು ಕಾಣುವುದಿಲ್ಲ.

ನಿವೃತ್ತ ಫೋರ್‌ಮನ್, ನವೆಂಬರ್ 16

ಆಗುತ್ತದೆ. ಆದರೆ ಬಣ್ಣದ ಮಾತು ಈಗ ಬೇಡ. ಒಂದು ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಬಣ್ಣ ಉಬ್ಬಿದ ಕಡೆಯೆಲ್ಲ ಅದರ ಹಿಡಿಯಿಂದ ತಟ್ಟಿ. ಟಣ್ ಎಂದರೆ ತಗಡು, ದಪ್ ಎಂದರೆ ಪುಟ್ಟಿ. ದಪ್ ಎಂದ ಕಡೆ ತುದಿಯಿಂದ ಚುಚ್ಚಿ, ದಯೆ ತೋರಿಸಬೇಡಿ. ಒಳಗೆ ಹೋದರೆ ಅದು ಇವತ್ತಲ್ಲ ನಾಳೆ ಹೇಗಿದ್ದರೂ ಹೋಗುವುದೇ ಆಗಿತ್ತು.

ನೋಡಲೇಬೇಕಾದ ಜಾಗಗಳು: ಕಾಲ್ಮಣೆಯ (ಕ್ಯಾಬಿನ್ನಿನಲ್ಲಿ ಕಾಲಿಡುವ ತಗಡಿನ) ಮ್ಯಾಟ್‌ನ ಅಡಿ, ಮುಂಗಾಜಿನ ಬೀಡಿಂಗ್ ರಬ್ಬರಿನ ಕೆಳತುಟಿ, ಬಾಗಿಲ ತಳದ ನೀರಿಳಿಯುವ ರಂಧ್ರಗಳು, ಬ್ಯಾಟರಿ ತಟ್ಟೆ, ಕ್ಯಾಬಿನ್ನು ಚಾಸಿಯ ಮೇಲೆ ಕೂರುವ ರಬ್ಬರ್ ಬುಷ್‌ಗಳ ಸುತ್ತ. ಕಡೆಯದ್ದು ಹೋಗಿದ್ದರೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಉಳಿದದ್ದೆಲ್ಲ ತಗಡು ಕೆಲಸ, ತಾಳ್ಮೆ ಇದ್ದವರಿಗೆ ಬರುತ್ತದೆ.

ಚುಚ್ಚಿದ ಕಡೆಗಳನ್ನು ಒಂದು ಹಾಳೆಯಲ್ಲಿ ಗಾಡಿಯ ಚಿತ್ರ ಬರೆದು ಗುರುತು ಹಾಕಿ. ಜತೆಗೆ ಇಷ್ಟು ವರ್ಷ ಆ ಗಾಡಿಯಲ್ಲಿ ಏನೇನು ಹೇರಿದ್ದೀರಿ, ಯಾವ ಮೂಲೆಯಲ್ಲಿ ಎಂದು ಬರೆಯಿರಿ. ತುಕ್ಕಿಗೆ ಒಂದು ವಿಳಾಸ ಇರುತ್ತದೆ.

ಬಾಡಿಗೆಲೆಕ್ಕ, ನವೆಂಬರ್ 17

ಒಂದೂಕಾಲು ಲಕ್ಷಕ್ಕೆ ಸ್ವಲ್ಪ ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಸಣ್ಣ ಗಾಡಿಯೇ ಬರುತ್ತದೆ. ಗುಜರಿಗೆ ಕೊಟ್ಟು ನೆಮ್ಮದಿಯಾಗಿರಿ.

ತೋಟದಮನೆ, ನವೆಂಬರ್ 17

ಆ ಮಾತನ್ನು ನಮ್ಮ ಅಮ್ಮನ ಎದುರು ಹೇಳಿ ನೋಡಿ ಮಾರಾಯರೇ.

ಕಲಂ52, ನವೆಂಬರ್ 17

ಮಿಲಿಟರಿ ಹಸಿರನ್ನು ಮರೆತುಬಿಡಿ. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಫಿಟ್‌ನೆಸ್‌ಗೆ ಹೋದ ದಿನವೇ ವಾಪಸು ಕಳಿಸುತ್ತಾರೆ.

ಬೇರೆ ಬಣ್ಣವಾದರೂ ಅಷ್ಟೆ, ಆರ್‌ಸಿಯಲ್ಲಿ ಏನು ಬರೆದಿದೆ ನೋಡಿ. ಅದೇ ಬಣ್ಣ ಹೊಡೆದರೆ ಯಾರೂ ಕೇಳುವುದಿಲ್ಲ. ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಅಡಿ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಹಲಗೆ ಕೊಳೆತಿದ್ದರೆ ಅದೇ ಅಳತೆಯ ಹಲಗೆ ಹಾಕಿ. ಬಾಡಿಯ ಉದ್ದ, ಎತ್ತರ ಅರ್ಧ ಅಡಿಯೂ ಏರಿಸಬೇಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ತೋಟದಮನೆ, ನವೆಂಬರ್ 20

ಆರ್‌ಸಿಯಲ್ಲಿ ನೀಲಿ ಎಂದಿದೆ. ಸರಿ, ನೀಲಿಯೇ.

ಫೋರ್‌ಮನ್ ಸರ್, ಸ್ಕ್ರೂಡ್ರೈವರ್ ಸುತ್ತು ಮುಗಿಸಿದೆ. ಮನೆಯವರು ಹೊರಗೆ ಬಂದು "ಗಾಡಿ ಮೇಲೆ ಯಾಕೆ ಅಷ್ಟು ಸಿಟ್ಟು?" ಎಂದು ಕೇಳಿದರು. ಇಪ್ಪತ್ತಮೂರು ತೂತು. ಕ್ಯಾಬಿನ್ ಬುಷ್‌ಗಳ ಜಾಗ ಗಟ್ಟಿಯಿದೆ, ದೇವರು ದೊಡ್ಡವನು. ಬ್ಯಾಟರಿ ತಟ್ಟೆ ಅರ್ಧ ಇಲ್ಲ. ಆರು ವರ್ಷದ ಹಿಂದಿನ ಕೆಲಸದ ಎಡ ಮಡ್‌ಗಾರ್ಡ್‌ನಲ್ಲಿ ಹೆಬ್ಬೆರಳಿನಷ್ಟು ದಪ್ಪ ಪುಟ್ಟಿ, ಅದರ ಹಿಂದೆ ತಗಡೇ ಇಲ್ಲ, ಸೊಳ್ಳೆ ಪರದೆಯ ಜಾಲರಿ!

ಹಿಂದಿನ ಬಾಡಿಯಲ್ಲಿ ವಿಚಿತ್ರವೊಂದು ಕಂಡಿತು. ಮಳೆಯಿಂದಲೇ ತುಕ್ಕು ಎಂದುಕೊಂಡಿದ್ದೆ. ಮಳೆಯಾದರೆ ಎಲ್ಲ ಕಡೆ ಬೀಳಬೇಕಲ್ಲ? ಬಲಭಾಗದ ಕ್ರಾಸ್ ಚಾನೆಲ್‌ಗಳು (ಹಲಗೆಯ ಅಡಿಯ ಅಡ್ಡ ಕಬ್ಬಿಣಗಳು) ಚೆನ್ನಾಗಿವೆ. ಎಡ ಹಿಂಮೂಲೆಯ ಎರಡು ಮಾತ್ರ ತಿಂದುಹೋಗಿವೆ. ಆ ಮೂಲೆಯಲ್ಲಿ ನಾವು ಕೊಳೆರೋಗದ ಔಷಧಿಯ ಡ್ರಮ್ಮು ಇಡುತ್ತಿದ್ದೆವು.

ನಿವೃತ್ತ ಫೋರ್‌ಮನ್, ನವೆಂಬರ್ 20

ಸಿಕ್ಕಿತು ವಿಳಾಸ. ನೀವು ಆ ಔಷಧಿ, ಅಂದರೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ತಯಾರಿಸುವಾಗ ಸುಣ್ಣ ಸಾಕಾಯಿತೇ ಎಂದು ಹೇಗೆ ನೋಡುತ್ತೀರಿ? ಕತ್ತಿಯನ್ನು ಅದ್ದುತ್ತೀರಿ. ಕತ್ತಿ ಕೆಂಪಾದರೆ ಸುಣ್ಣ ಇನ್ನೂ ಬೇಕು. ಆ ಕೆಂಪು ತಾಮ್ರ. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅದಕ್ಕೆ ಬದಲಾಗಿ ಕಬ್ಬಿಣ ಕರಗಿ ಹೋಗುತ್ತದೆ. ಇಪ್ಪತ್ತೈದು ಮಳೆಗಾಲ ನಿಮ್ಮ ಗಾಡಿಯ ಎಡ ಮೂಲೆ ಆ ಕತ್ತಿಯ ಕೆಲಸ ಮಾಡಿದೆ.

ಗೊಬ್ಬರದ ಕಥೆಯೂ ಬೇರೆಯಲ್ಲ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲ ಹರಿದು ಹಲಗೆಯ ಸಂದಿಗೆ ಹೋದ ಕಾಳು ಅಲ್ಲೇ ಕೂತು ಗಾಳಿಯ ತೇವ ಹೀರುತ್ತದೆ. ಆದ್ದರಿಂದ ಗ್ರೈಂಡರ್ ಹಿಡಿಯುವ ಮೊದಲು ಎರಡು ದಿನ ನೀರು ಹಾಕಿ ಉಜ್ಜಿ ತೊಳೆಯಿರಿ. ಉಪ್ಪಿನ ಮೇಲೆ ಎಂಥ ಪ್ರೈಮರ್ ಬಳಿದರೂ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಬಾಡಿ ಕಟ್ಟುವವ (ರಾಣೆಬೆನ್ನೂರು), ನವೆಂಬರ್ 21

ಮೂವತ್ತು ವರ್ಷದಿಂದ ಇದೇ ಕಸುಬು. ಎರಡು ಮಾತು ಹೇಳುತ್ತೇನೆ.

ಜಿಂಕ್ ಶೀಟನ್ನು ಕೊಟ್ಟಿಗೆಗೆ ಹೊದಿಸಿ, ಗಾಡಿಗೆ ಬೇಡ. ವೆಲ್ಡಿಂಗ್ ಕಿಡಿ ತಾಗಿದ ಕೂಡಲೇ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ಅದೇ ರಾತ್ರಿ ಚಳಿ ಜ್ವರ. ನಾನೇ ಹುಡುಗನಾಗಿದ್ದಾಗ ಮಲೇರಿಯಾ ಎಂದು ಆಸ್ಪತ್ರೆಗೆ ಹೋಗಿ ಬಂದವನು. ಮೇಲಾಗಿ ಸತುವಿನ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಎನಾಮಲ್ ಹಿಡಿಯುವುದಿಲ್ಲ. ವರ್ಷದೊಳಗೆ ಹಾಳೆ ಹಾಳೆಯಾಗಿ ಕಳಚುತ್ತದೆ. ಸತುವಿನ ಲೇಪವಿಲ್ಲದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತನ್ನಿ. ಕ್ಯಾಬಿನ್ನಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ., ಕಾಲ್ಮಣೆಗೆ 18 ಗೇಜ್.

ಗೇಟು ಬೆಸೆದ ಕೈಗೆ ತಗಡು ಬೆಸೆಯುವುದು ಬೇರೆ ವಿದ್ಯೆ. 3.15 ಮಿ.ಮೀ. ರಾಡ್ ಹಚ್ಚಿದರೆ ತೂತು ಮುಚ್ಚುವ ಬದಲು ದೊಡ್ಡದಾಗುತ್ತದೆ. ಸಾಧ್ಯವಾದರೆ ಸಿಒಟು ಯಂತ್ರ (ರಾಡ್ ಬದಲು ತಂತಿ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಳಸಿ ಬೆಸೆಯುವಂಥದ್ದು) ಬಾಡಿಗೆಗೆ ತನ್ನಿ.

ನಿವೃತ್ತ ಫೋರ್‌ಮನ್, ನವೆಂಬರ್ 21

ಸಿಒಟು ಒಳ್ಳೆಯದೇ, ಒಪ್ಪಿದೆ. ಆದರೆ ತೀರ್ಥಹಳ್ಳಿಯ ತೋಟದ ಮನೆಗೆ ಸಿಲಿಂಡರ್ ಹೊತ್ತು ತಂದು, ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆಯಲ್ಲಿ ಜೇನುಗೂಡು ಬಿದ್ದು, ಯಾಕೆ ಆ ಪಾಡು? ಅವರಲ್ಲಿರುವ ಇನ್ವರ್ಟರ್ ಯಂತ್ರಕ್ಕೆ 2 ಮಿ.ಮೀ. ರಾಡ್ ಹಾಕಿ ನಲವತ್ತು, ಐವತ್ತು ಆಂಪಿಯರ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಿಡಿದರೆ ಆಯಿತು. ತೇಪೆಯ ಹಿಂದೆ ದಪ್ಪ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ, ಬೆಸುಗೆ ಅದಕ್ಕೆ ಅಂಟುವುದಿಲ್ಲ, ಶಾಖ ಹೀರಿಕೊಳ್ಳುತ್ತದೆ.

ಬಾಡಿ ಕಟ್ಟುವವ, ನವೆಂಬರ್ 21

ಹೊಸಬರಿಗೆ 2 ಮಿ.ಮೀ. ರಾಡ್ ಪದೇ ಪದೇ ಅಂಟಿಕೊಳ್ಳುತ್ತದೆ ಫೋರ್‌ಮನ್ನರೇ. ನಿಮ್ಮ ಡಿಪೋದಲ್ಲಿ ಸರ್ಕಾರದ ರಾಡ್, ಎಷ್ಟು ಹಾಳಾದರೂ ನಡೆಯುತ್ತಿತ್ತು.

ಹೋಗಲಿ, ಯಾವ ಯಂತ್ರವಾದರೂ ಒಂದೇ ಸಮನೆ ಗೆರೆ ಎಳೆಯಬೇಡಿ. ಇಲ್ಲಿ ಒಂದು ಚುಕ್ಕಿ, ಎದುರು ಅಂಚಿನಲ್ಲಿ ಒಂದು, ಆಮೇಲೆ ನಡುವೆ. ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಇಲ್ಲವಾದರೆ ತಗಡು ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ತುಕ್ಕು ಹಿಡಿದ ಅಂಚಿಗೆ ಬೆಸೆಯಲೂ ಹೋಗಬೇಡಿ. ಹೊಳೆಯುವ ತಗಡು ಸಿಗುವ ತನಕ ಕತ್ತರಿಸಿ. ಅಂಗೈಯಗಲದ ತೂತು ಊಟದ ತಟ್ಟೆಯಷ್ಟಾಗುತ್ತದೆ, ಹೆದರಬೇಡಿ.

ಕರಾವಳಿಗ (ದಮ್ಮಾಮ್), ನವೆಂಬರ್ 22

ಇಲ್ಲಿ ಬಾಡಿಶಾಪ್ ಒಂದರಲ್ಲಿ ಪೇಂಟರ್ ಆಗಿದ್ದೇನೆ, ಊರು ಸುರತ್ಕಲ್ ಬಳಿ. ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ಬೆಂಕಿಯ ಮಾತು ಯಾರೂ ಎತ್ತಲಿಲ್ಲ. ಬ್ಯಾಟರಿಯ ಎರಡೂ ಕೊಂಡಿ ಬಿಚ್ಚಿ, ಆಲ್ಟರ್ನೇಟರ್ ತಂತಿ ಬಿಡಿಸಿ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಸೀಟು, ಮ್ಯಾಟ್, ಒಳಗಿನ ಫೆಲ್ಟ್ ಪೂರ್ತಿ ತೆಗೆಯಿರಿ. ಫೆಲ್ಟ್ ಹೊತ್ತಿ ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ನೀವು ಊಟಕ್ಕೆ ಹೋದ ಮೇಲೆ ಏಳುತ್ತದೆ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಗಾಡಿಯ ಹತ್ತಿರವೇ ಇರಿ. ಮುಂಗಾಜಿನ ಮೇಲೆ ಒದ್ದೆ ಗೋಣಿ ಹೊದಿಸಿ. ಗ್ರೈಂಡರ್ ಕಿಡಿ ಗಾಜಿಗೆ ಕಚ್ಚಿಕೊಂಡರೆ ಆ ಚುಕ್ಕೆ ಜನ್ಮದಲ್ಲಿ ಹೋಗದು.

ಹಳೆಯ ಹಳದಿ ಪಟ್ಟಿ, ಕಿತ್ತಳೆ ಗೆರೆ ಇದ್ದರೆ ಅದರಲ್ಲಿ ಸೀಸ ಇರಬಹುದು. 2016ರ ನಿಯಮ ಸೀಸವನ್ನು 90 ಪಿಪಿಎಂಗೆ ಇಳಿಸಿದ್ದು ಮನೆ ಬಳಕೆಯ ಬಣ್ಣಗಳಿಗೆ ಮಾತ್ರ, ಅದೂ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಒಣಗಿಸಿ ಉಜ್ಜಬೇಡಿ, ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ತೋಟದಮನೆ, ಡಿಸೆಂಬರ್ 7

ಹದಿನೈದು ದಿನ ಬರೆಯಲಾಗಲಿಲ್ಲ, ಕೊಯ್ಲು ಶುರುವಾಗಿದೆ. ಹಗಲು ಅಡಿಕೆ, ಸಂಜೆ ಗಾಡಿ.

ಗಾಡಿಯನ್ನು ಹುಲ್ಲಿನ ಗೊಣಬೆಯಿಂದ ದೂರ, ತೋಟದ ದಾರಿಗೆ ಎಳೆಸಿದೆ. ಫೋರ್‌ಮನ್ ಸರ್ ಹೇಳಿದಂತೆ ಎರಡು ದಿನ ತೊಳೆದೆ. ಹಲಗೆ ಸಂದಿಯಿಂದ ಹೊರಬಿದ್ದ ನೀರು ನಸು ನೀಲಿ ಇತ್ತು!

ವೆಲ್ಡಿಂಗ್ ವಿಷಯದಲ್ಲಿ ಇಬ್ಬರೂ ಸರಿ. ಮೊದಲ ದಿನ 2 ಮಿ.ಮೀ. ರಾಡ್ ಅಂಟಿ ಅಂಟಿ ಅರ್ಧ ಪೊಟ್ಟಣ ಹಾಳಾಯಿತು, ಕಾಲ್ಮಣೆಯಲ್ಲಿ ಎರಡು ಹೊಸ ತೂತು ನಾನೇ ಮಾಡಿದೆ. ಆಮೇಲೆ ಗುಜರಿ ತಗಡಿನ ಮೇಲೆ ಮೂರು ಸಂಜೆ ಕೈ ಪಳಗಿಸಿದೆ. ವೋಲ್ಟೇಜ್ ಬೀಳದ ಹೊತ್ತು ನೋಡಿಕೊಳ್ಳುವುದೇ ದೊಡ್ಡ ಕಲೆ. ಪಕ್ಕದ ತೋಟದವರು ಪಂಪ್ ಹಾಕಿದರೆ ನನ್ನ ಕಿಡಿ ಸಾಯುತ್ತಿತ್ತು. ಈಗ ಕಾಲ್ಮಣೆ, ಎಡ ಬಾಗಿಲ ತಳ, ಬ್ಯಾಟರಿ ತಟ್ಟೆ ಮುಗಿದಿವೆ. ನೋಡಲು ಚಂದವಿಲ್ಲ, ಮೇಲೆ ನಿಂತು ಕುಣಿದು ನೋಡಿದೆ, ಅಲ್ಲಾಡಲಿಲ್ಲ. ಎರಡು ಕ್ರಾಸ್ ಚಾನೆಲ್‌ಗಳನ್ನು ಮಾತ್ರ ಪೇಟೆಯ ವೆಲ್ಡರನ್ನೇ ಕರೆಸಿ ಹಾಕಿಸಿದೆ.

ಈಗ ಬಣ್ಣದ ಪ್ರಶ್ನೆ. ಪಿಯು (ಪಾಲಿಯುರೆಥೇನ್) ಪೇಂಟ್ ಹೊಳಪು, ಬಾಳಿಕೆ ಎರಡೂ ಹೆಚ್ಚು ಎನ್ನುತ್ತಾರೆ. ಕಂಪ್ರೆಸರ್ ಬಾಡಿಗೆಗೆ ಸಿಗುತ್ತದೆ.

ಕರಾವಳಿಗ, ಡಿಸೆಂಬರ್ 7

ನನ್ನ ಅನ್ನ ಪಿಯು ಪೇಂಟ್‌ನಿಂದಲೇ ಬರುತ್ತಿದೆ, ಆದರೂ ಬೇಡ ಎನ್ನುತ್ತೇನೆ. ಅದು ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇದೆ. ಸ್ಪ್ರೇ ಗನ್ನಿನಿಂದ ಮಂಜಾಗಿ ಹಾರಿದಾಗ ಶ್ವಾಸಕ್ಕೆ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ಅದರ ಗಾಳಿ ಸೋಕಿದರೂ ಉಸಿರು ಕಟ್ಟುತ್ತದೆ. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಅದಕ್ಕೆ ಲೆಕ್ಕವೇ ಅಲ್ಲ. ಇಲ್ಲಿ ನಾವು ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖಕವಚ ಹಾಕುತ್ತೇವೆ, ಅದು ಸರಿಯಾಗಿ ಕೂರಲೆಂದು ದಿನವೂ ಗಡ್ಡ ಬೋಳಿಸುತ್ತೇವೆ.

ಹಾಂ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆಯೇ?

ತೋಟದಮನೆ, ಡಿಸೆಂಬರ್ 7

ಅಂಗಳ, ಚಪ್ಪರ, ಮಾಡಿನ ಮೇಲೆ ಎಲ್ಲ ಕಡೆ ಅದೇ.

ಕರಾವಳಿಗ, ಡಿಸೆಂಬರ್ 8

ಹಾಗಾದರೆ ಗನ್ ಮಾತೇ ಬೇಡ. ಗಾಳಿಗೆ ಹಾರಿದ ಬಣ್ಣ ಐವತ್ತು ಅಡಿ ದೂರವೂ ಹೋಗಿ ಕೂರುತ್ತದೆ. ನೀಲಿ ಅಡಿಕೆಗೆ ಮಂಡಿಯಲ್ಲಿ ಯಾರು ಬೆಲೆ ಕಟ್ಟುತ್ತಾರೆ?

ಸಿಂಥೆಟಿಕ್ ಎನಾಮಲ್ ತನ್ನಿ, ಸ್ಪಂಜಿನ ಸಣ್ಣ ರೋಲರ್ ತನ್ನಿ. ನೂರಕ್ಕೆ ಐದರಿಂದ ಹತ್ತು ಭಾಗ ಟರ್ಪೆಂಟೈನ್ ಬೆರೆಸಿ. ಎರಡಡಿ ಅಗಲದ ಪಟ್ಟಿಗೆ ರೋಲರ್‌ನಲ್ಲಿ ಹರಡಿ, ಕೂಡಲೇ ಅಗಲದ ಮೆತ್ತನೆಯ ಬ್ರಷ್‌ನ ತುದಿಯನ್ನಷ್ಟೇ ಮೇಲಿನಿಂದ ಕೆಳಕ್ಕೆ ಸವರಿ. ಗುಳ್ಳೆ ಒಡೆದು ಸಮವಾಗುತ್ತದೆ. ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು ಹತ್ತು ಚದರ ಮೀಟರ್ ಬರುತ್ತದೆ. ತೆಳುವಾಗಿ ಮೂರು ಕೋಟ್, ಒಂದೊಂದಕ್ಕೂ ಒಂದು ಪೂರ್ತಿ ದಿನದ ಬಿಡುವು, ನಡುವೆ 400 ನಂಬರಿನ ವಾಟರ್ ಪೇಪರ್. ಹತ್ತಡಿ ದೂರದಿಂದ ನೋಡಿದರೆ ಗನ್ ಕೆಲಸವೋ ರೋಲರ್ ಕೆಲಸವೋ ಎಂದು ನನಗೂ ಗೊತ್ತಾಗದು.

ಬಣ್ಣದ ಅಡಿಯಲ್ಲಿ ಎಪಾಕ್ಸಿ ಪ್ರೈಮರ್ ಆದರೆ ಉತ್ತಮ, ಬ್ರಷ್‌ನಲ್ಲೇ ಬಳಿಯಬಹುದು. ಕೈಗವಸು ಹಾಕಿ, ಅದು ಚರ್ಮಕ್ಕೂ ಒಳ್ಳೆಯದಲ್ಲ. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕಿ, ರೆಡ್ ಆಕ್ಸೈಡ್ ಮೇಲೆ ಬೇಡ. ಪುಟ್ಟಿಯ ದ್ರಾವಕಕ್ಕೆ ಅದು ಮೆತ್ತಗಾಗಿ ಎದ್ದು ಬರುತ್ತದೆ. ಪುಟ್ಟಿಗೆ ಬೆರೆಸುವ ಹಾರ್ಡನರ್ ನೂರಕ್ಕೆ ಎರಡು ಭಾಗ. ಮೂರು ಮಿ.ಮೀ.ಗಿಂತ ದಪ್ಪ ಬೇಕಾದರೆ ಅದು ಪುಟ್ಟಿಯ ಕೆಲಸವಲ್ಲ, ಸುತ್ತಿಗೆಯ ಕೆಲಸ.

ನಿವೃತ್ತ ಫೋರ್‌ಮನ್, ಡಿಸೆಂಬರ್ 8

ರೆಡ್ ಆಕ್ಸೈಡ್ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡಿ ತಮ್ಮಾ. ಚಾಸಿಗೆ, ಚಾನೆಲ್‌ಗೆ ಇವತ್ತಿಗೂ ಅದೇ ಸಾಕು, ಮೇಲೆ ಕಪ್ಪು ಎನಾಮಲ್ ಬಿದ್ದರೆ ಆಯಿತು. ಬರೀ ರೆಡ್ ಆಕ್ಸೈಡ್ ಹೊಡೆದು ವರ್ಷಗಟ್ಟಲೆ ಮಳೆಗೆ ನಿಲ್ಲಿಸುವವರಿಂದ ಅದಕ್ಕೆ ಕೆಟ್ಟ ಹೆಸರು. ಕ್ಯಾಬಿನ್ನಿಗೆ ಎಪಾಕ್ಸಿ, ಅದು ಸರಿ.

ಬಾಗಿಲು, ಕ್ಯಾಬಿನ್ ಕಂಬಗಳ ಒಳಗೆ ಸುಟ್ಟ ಎಂಜಿನ್ ಆಯಿಲ್ ಸುರಿಯಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾವೂ ಹಿಂದೆ ಸುರಿದವರೇ. ಅದು ಕೈಗೆ ಕೆಟ್ಟದ್ದು, ರಬ್ಬರಿಗೆ ಕೆಟ್ಟದ್ದು, ನಿಮ್ಮ ತೋಟದ ಮಣ್ಣಿಗೂ ಕೆಟ್ಟದ್ದು. ಟೊಳ್ಳು ಭಾಗಕ್ಕೆ ಹಾಕುವ ಮೇಣದ ಸ್ಪ್ರೇ ಡಬ್ಬಿ ಸಿಗುತ್ತದೆ. ಹಾಕಿದ ಮೇಲೆ ನೀರಿಳಿಯುವ ರಂಧ್ರ ಮುಚ್ಚಿಲ್ಲವೆಂದು ತಂತಿ ತೂರಿಸಿ ನೋಡಿ.

ಬಾಡಿ ಕಟ್ಟುವವ, ಡಿಸೆಂಬರ್ 9

ಹಲಗೆ ಹಾಕುವ ಮೊದಲು: ಮತ್ತಿ ಸಿಕ್ಕರೆ ಮತ್ತಿ. ಹಸಿ ಹಲಗೆ ಬೇಡ, ಬೇಸಿಗೆಗೆ ಸೀಳುತ್ತದೆ. ಕತ್ತರಿಸಿದ ತುದಿಗಳಿಗೆ ಎರಡು ಸಲ ಪ್ರೈಮರ್ ಕುಡಿಸಿ, ಮರ ನೀರು ಕುಡಿಯುವುದು ತುದಿಯಿಂದ. ಚಾನೆಲ್ ಮತ್ತು ಹಲಗೆಯ ನಡುವೆ ಹಳೆಯ ಲಾರಿ ಟ್ಯೂಬಿನ ಪಟ್ಟಿ ಕತ್ತರಿಸಿ ಹಾಸಿ. ಒದ್ದೆ ಮರ ಬರೀ ಕಬ್ಬಿಣಕ್ಕೆ ತಾಗಿ ಕೂರಬಾರದು.

ತೋಟದಮನೆ, ಡಿಸೆಂಬರ್ 24

ಒಂದು ಕಡೆ ಕೆಟ್ಟಿತು. ಮೊದಲ ಎರಡು ಕೋಟ್ ಕನ್ನಡಿಯಂತೆ ಬಂದಿದ್ದವು. ಮೂರನೆಯದನ್ನು ಆ ದಿನ ಅಡಿಕೆ ಬೇಯಿಸಿ ಮುಗಿಸಿ, ಸಂಜೆ ನಾಲ್ಕೂವರೆಗೆ ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಾನೆಟ್ಟು, ಮಾಡು ಎರಡೂ ಬೂದಿ ಬಳಿದಂತೆ ಮಂಕಾಗಿವೆ. ಪಕ್ಕದ ಬಾಗಿಲುಗಳು ಮಾತ್ರ ಚೆನ್ನಾಗಿವೆ. ಬಣ್ಣವೇ ಕಲಬೆರಕೆಯೇ?

ಕರಾವಳಿಗ, ಡಿಸೆಂಬರ್ 24

ಬಣ್ಣದ ತಪ್ಪಲ್ಲ, ಇಬ್ಬನಿ. ಆಕಾಶ ನೋಡುವ ಭಾಗ ಬೇಗ ತಣ್ಣಗಾಗುತ್ತದೆ, ಅಲ್ಲೇ ಇಬ್ಬನಿ ಕೂರುತ್ತದೆ. ಒಣಗದ ಎನಾಮಲ್ ಮೇಲೆ ಬಿದ್ದರೆ ಹೊಳಪು ಹೋಯಿತು. ಒಂದು ವಾರ ಹಾಗೆಯೇ ಬಿಡಿ. ಆಮೇಲೆ ಆ ಎರಡು ಭಾಗವನ್ನಷ್ಟೇ 600 ನಂಬರಿನಲ್ಲಿ ನೀರು ಹಾಕಿ ಉಜ್ಜಿ, ಬೆಳಿಗ್ಗೆ ಹತ್ತಕ್ಕೆ ಬಳಿಯಲು ಶುರು ಮಾಡಿ ಮಧ್ಯಾಹ್ನ ಒಂದರೊಳಗೆ ಮುಗಿಸಿ. ಬಿಸಿಲಿಗೆ ತಗಡು ಕೈ ಸುಡುವಂತಿದ್ದರೂ ಬಳಿಯಬೇಡಿ, ಬ್ರಷ್ ಗೆರೆ ಹಾಗೆಯೇ ನಿಲ್ಲುತ್ತದೆ.

ತೋಟದಮನೆ, ಜನವರಿ 3

ಸರಿಯಾಯಿತು. ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು. ಹಿಂಬಾಗಿಲ ಹಲಗೆಯ ಮೇಲೆ ಅಪ್ಪ ಬರೆಸಿದ ಅಕ್ಷರ ಇದೆ, ಅಜ್ಜಿಯ ಹೆಸರು. ಬರೆದ ಪೇಂಟರ್ ಈಗಿಲ್ಲ. ಹಲಗೆ ಕೆಳಗಡೆ ಕುಂಬಾಗಿದೆ, ಬದಲಿಸಲೇಬೇಕು. ಅಕ್ಷರ ಉಳಿಸಲು ದಾರಿ ಇದೆಯೇ?

ಬ್ರಷ್ಷು ಬಣ್ಣ (ಸಾಗರ), ಜನವರಿ 3

ಇದೆ. ಬೆಣ್ಣೆ ಕಾಗದ ಅಥವಾ ಟ್ರೇಸಿಂಗ್ ಹಾಳೆ ಅಂಟಿಸಿ ಪೆನ್ಸಿಲ್‌ನಲ್ಲಿ ಅಂಚು ತೆಗೆಯಿರಿ. ಬಣ್ಣ ಮಾಸಿದ್ದರೂ ಅಂಚನ್ನು ಬೆರಳಿಂದ ತಡವಿದರೆ ಸಿಗುತ್ತದೆ, ಟಾರ್ಚ್ ಓರೆಯಾಗಿ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಅದೇ ಗೆರೆಯ ಮೇಲೆ ಸೂಜಿಯಿಂದ ಕಾಲಿಂಚಿಗೊಂದು ತೂತು. ಹೊಸ ಹಲಗೆಯ ಮೇಲಿಟ್ಟು ತೆಳು ಬಟ್ಟೆಯಲ್ಲಿ ಕಟ್ಟಿದ ಸೀಮೆಸುಣ್ಣದ ಪುಡಿ ತಟ್ಟಿದರೆ ಚುಕ್ಕಿ ರಂಗೋಲಿಯಂತೆ ಅಕ್ಷರ ಮೂಡುತ್ತದೆ. ಹಳೆಯ ಕಾಲದಲ್ಲಿ ಗೋಡೆ ಜಾಹೀರಾತು ಬರೆಯುತ್ತಿದ್ದುದೂ ಹೀಗೆಯೇ. ತುಂಬುವುದು ನಿಮ್ಮಿಂದ ಆಗದಿದ್ದರೆ ಹಲಗೆ ಕಳಿಸಿ, ಬ್ಯಾನರ್ ಯಂತ್ರ ಬಂದ ಮೇಲೆ ನನಗೆ ಪುರುಸೊತ್ತು ಧಾರಾಳವಾಗಿದೆ.

ಕಲಂ52, ಜನವರಿ 4

ಪ್ರತಿಫಲಿಸುವ ಪಟ್ಟಿ ಮರೆಯಬೇಡಿ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಹೊಸ ಎನಾಮಲ್ ಮೇಲೆ ಕೂಡಲೇ ಅಂಟಿಸಿದರೆ ಬಣ್ಣದ ಸಮೇತ ಎದ್ದು ಬರುತ್ತದೆ, ಎರಡು ಮೂರು ವಾರ ಕಾಯಿರಿ.

ತೋಟದಮನೆ, ಫೆಬ್ರವರಿ 11

ಫಿಟ್‌ನೆಸ್ ಆಯಿತು. ಇನ್‌ಸ್ಪೆಕ್ಟರ್ ಬಾಗಿಲನ್ನು ತಟ್ಟಿ ನೋಡಿದರು. ಟಣ್ ಎಂದಿತು. ಹಾರ್ನ್ ಮಾತ್ರ ಕೆಲಸ ಮಾಡದೆ ಅರ್ಧ ಗಂಟೆ ಒದ್ದಾಡಿದೆ, ವೆಲ್ಡಿಂಗ್ ಮಾಡುವಾಗ ಬಿಚ್ಚಿದ ತಂತಿ ಹಾಕಿರಲಿಲ್ಲ.

ಸಾಮಾನು, ಹಲಗೆ, ವೆಲ್ಡರ್ ಕೂಲಿ ಎಲ್ಲ ಸೇರಿ ನಲವತ್ತೊಂದು ಸಾವಿರ ಖರ್ಚು. ನನ್ನ ಕೂಲಿ ಹಿಡಿದಿಲ್ಲ, ಹಿಡಿದರೆ ಗ್ಯಾರೇಜಿಗಿಂತ ತುಟ್ಟಿಯಾದೀತು. ಎಡ ಹಿಂಮೂಲೆಗೆ ದಪ್ಪ ಪ್ಲಾಸ್ಟಿಕ್ ತಟ್ಟೆ ಹಾಸಿದ್ದೇನೆ, ಔಷಧಿ ಡ್ರಮ್ಮು ಇನ್ನು ಅದರಲ್ಲೇ.

ಹಲಗೆ ಸಾಗರದಿಂದ ಬಂತು. ಅಮ್ಮ ನೋಡಿ, "ಮೊದಲ ಅಕ್ಷರ ಸ್ವಲ್ಪ ಮೇಲೆ ಹೋಗಿದೆಯಲ್ಲ" ಎಂದರು.

ಬ್ರಷ್ಷು ಬಣ್ಣ, ಫೆಬ್ರವರಿ 11

ನೀವು ಕಳಿಸಿದ ಹಾಳೆಯಲ್ಲಿ ಹಾಗೆಯೇ ಇತ್ತು. ಸರಿಮಾಡಲು ಕೈ ಬರಲಿಲ್ಲ.

ತೋಟದಮನೆ, ಫೆಬ್ರವರಿ 12

ಅಮ್ಮನಿಗೆ ಹೇಳಿದೆ. ಹಳೆಯ ಹಲಗೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು, ಏನೂ ಹೇಳಲಿಲ್ಲ. ಅದು ಈಗ ಅಡಿಕೆ ಚಪ್ಪರದ ಕೆಳಗಿದೆ, ಒಲೆಗೆ ಹಾಕಲು ಬಿಡುತ್ತಿಲ್ಲ.

ಎಡ ಬಾಗಿಲು ಮಾತ್ರ ಇನ್ನೂ ಜೋರಾಗಿ ಎಳೆದರಷ್ಟೇ ಮುಚ್ಚುತ್ತದೆ. ಹಿಂಜಿನ ಪಿನ್ ಸವೆದಿದೆಯೋ, ನಾನು ತಳ ಬೆಸೆದಾಗ ಬಾಗಿಲೇ ತಿರುಚಿಕೊಂಡಿದೆಯೋ?

ನಿವೃತ್ತ ಫೋರ್‌ಮನ್, ಫೆಬ್ರವರಿ 12

ಬಾಗಿಲು ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಆಡಿದರೆ ಪಿನ್. ಆಡದಿದ್ದರೆ ನೀವು.

ತೋಟದಮನೆ, ಫೆಬ್ರವರಿ 12

ಆಡುತ್ತಿಲ್ಲ.